ಎರಡನೆಯ ಕರಿ ಕನ್ನಡಕ

ಸಿದ್ದಲಿಂಗ,

ನಾವಿಬ್ಬರೂ ಹುಚ್ಚಿಗೆ ಬಿದ್ದು ಕಟ್ಟತೊಡಗಿದ್ದ ಮೂರು ಗಾಲಿಯ ಗಾಡಿಗಾಗಿ ಇವತ್ತು ಹಗರಿಬೊಮ್ಮನಹಳ್ಳಿಯಲ್ಲಿ ವೆಲ್ಡಿಂಗ್ ಮಷಿನ್ ಕೊಂಡೆ. ಗ್ಯಾಸಿನದು ಕೈಗೆಟುಕಲಿಲ್ಲ. ನೀನು ಹೇಳುತ್ತಿದ್ದಂತೆ ಮನೆಯ ಕರೆಂಟಿಗೇ ನಡೆಯುವ ಚಿಕ್ಕದನ್ನು ತಂದೆ.

ಅಂಗಡಿಯ ಬೆನಕಪ್ಪ, "ಕರಿ ಕನ್ನಡಕ ಒಂದು ಸಾಕೇನ್ರಿ?" ಎಂದ.

ಬಾಡಿಗೆ ಮಷಿನ್ ತಂದ ದಿನ ಒಂದೇ ಸಾಕೆಂದವನು ನಾನು. ಅದನ್ನು ಹಾಕಿಕೊಂಡವನೂ ನಾನೇ. ವೆಲ್ಡಿಂಗಿನ ಕಿಡಿಬೆಳಕಿಗೆ ಬರಿಗಣ್ಣಲ್ಲಿ ಪೈಪು ಹಿಡಿದಿದ್ದ ನೀನು ಸಂಜೆ, "ಲೇ, ಕಣ್ಣಾಗ ಉಸುಕು ಬಿದ್ದಂಗ ಆಗೇತಿ" ಎಂದಾಗ, "ಆಲೂಗಡ್ಡಿ ಹೋಳು ಇಟ್ಕೊ" ಎಂದು ನಕ್ಕಿದ್ದೆ. ಆಮೇಲೆ ನೀನು ಬರಲಿಲ್ಲ. ನಾನೂ ನಿನ್ನೂರು ಹಂಪಸಾಗರದ ಬಸ್ಸು ಹತ್ತಲಿಲ್ಲ.

"ಎರಡು ಕೊಡ್ರಿ" ಎಂದೆ.

"ಪೈಪು ಹಿಡಿಯಾಕ ಯಾರದಾರ?"

ದುಡ್ಡು ಎಣಿಸಿಕೊಟ್ಟು ಬಂದೆ. ಪೈಪನ್ನು ಇಟ್ಟಿಗೆಗೆ ಆನಿಸಿ ಒಬ್ಬನೇ ಬೆಸೆದೆ. ಸೊಟ್ಟಗೆ ಕೂತಿದೆ. ಎರಡನೆಯ ಕನ್ನಡಕದ ಕವರು ಬಿಚ್ಚಿಲ್ಲ.