ಏಳಲೊಲ್ಲದ ಎಮ್ಮೆಯ ಪುಸ್ತಕ

ಬ್ಯಾಡಗಿ
೧೨ ಫೆಬ್ರವರಿ ೨೦೨೫

ನನ್ನ ಬಂಗಾರದ ಸುರೇಖಾ,

ನಿನ್ನವ್ವನ ತುಂಬು ಮನಸ್ಸಿನ ಆಶೀರ್ವಾದ. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನ್ ಹಿಡಿದರೆ ಮಧು ತೊಡೆಯ ಮೇಲೆ ಬಂದು ಕೂರುತ್ತಾಳೆ. ಅವಳ ಸುದ್ದಿಯನ್ನು ಅವಳೆದುರಿಗೇ ಆಡುವುದು ನನಗೆ ಸರಿ ಕಾಣಲಿಲ್ಲ. ನಾಳೆ ನಿಮ್ಮಪ್ಪ ಹಾವೇರಿಗೆ ಬರುತ್ತಾರೆ, ಅವರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ.

ಮಗಳು ಮಧುವಿಗೆ ಮೂರೂವರೆ ವರ್ಷವಾದರೂ ಬಾಯಲ್ಲಿ ಮಾತಿಲ್ಲ, ನಾನು ಬಿಟ್ಟುಬಂದದ್ದಕ್ಕೇ ಹೀಗಾಗಿದೆ, ನರ್ಸಿಂಗ್ ತರಬೇತಿ ಬಿಟ್ಟು ಬರುತ್ತೇನೆ ಎಂದು ಮೊನ್ನೆ ನೀನು ಫೋನಿನಲ್ಲಿ ಅತ್ತುಬಿಟ್ಟೆ. ಕಿವಿ ಚೆನ್ನಾಗಿದೆ, ಮಾತಾಡಿಸುತ್ತ ಇರಿ ಎಂದು ಡಾಕ್ಟರು ಹೇಳಿದ ಮೇಲೂ ನಿನ್ನ ಹೆದರಿಕೆ ಹೋಗಿಲ್ಲ. ಖರೇ ಹೇಳಬೇಕೆಂದರೆ ನನ್ನದೂ ಹೋಗಿರಲಿಲ್ಲ. ಅದಕ್ಕೇ ಈ ಕಾಗದ ಪೂರ್ತಿ ಓದು, ಆಮೇಲೆ ಗಂಟು ಕಟ್ಟುವೆಯಂತೆ.

ರಾಣೆಬೆನ್ನೂರಿಗೆ ಹೋದಾಗ ಆರಿಸಿ ನೀನು ಕಳಿಸಿದ ಚಿತ್ರದ ಪುಸ್ತಕಗಳನ್ನು ಮೊದಲು ನೋಡಿದಾಗ ನನಗೆ ನಗು ಬಂತು. ಒಂದರಲ್ಲಂತೂ ಅಕ್ಷರವೇ ಇಲ್ಲ. ಬರೀ ಒಂದು ಹಳದಿ ಕೊಡೆ, ಅದು ಕೈಯಿಂದ ಕೈಗೆ ಊರೆಲ್ಲ ಸುತ್ತುತ್ತದೆ. ಇದನ್ನೇನು ಓದಲಿ ಎಂದು ಬದಿಗಿಟ್ಟೆ. ಕುಣಿಯಲಾರದವಳಿಗೆ ನೆಲ ಡೊಂಕು! ಮಧು ಅದನ್ನೇ ಎತ್ತಿಕೊಂಡು ಬಂದು, ಕೊಡೆ ಹಿಡಿದವರನ್ನೆಲ್ಲ ಬೆರಳಿಟ್ಟು ತೋರಿಸಿದಳು. ಆಗ ನನಗೂ ಕಥೆ ಕಾಣತೊಡಗಿತು. ಈಗ ಆ ಕೊಡೆ ನಮ್ಮ ಓಣಿಯಲ್ಲೇ ತಿರುಗುತ್ತದೆ. ಒಂದು ದಿನ ಪಕ್ಕದ ಮನೆಯ ಅಕ್ಬರಬಿಯ ಕೈಯಲ್ಲಿ, ಇನ್ನೊಂದು ದಿನ ನಿಮ್ಮಪ್ಪನ ತಲೆಯ ಮೇಲೆ.

ನನಗೆ ಬಹಳ ಸೇರಿದ್ದು ಎಮ್ಮೆಯ ಪುಸ್ತಕ. ಕೆರೆಯ ಕೆಸರಿನಲ್ಲಿ ಮಲಗಿದ ಎಮ್ಮೆಯನ್ನು ಊರವರೆಲ್ಲ ಬಂದು ಎಬ್ಬಿಸುತ್ತಾರೆ. ಪ್ರತಿ ಪುಟದ ಕೊನೆಗೂ, “ಎಮ್ಮೆ ಮಾತ್ರ ಏಳಲೇ ಇಲ್ಲ.” ಚಿತ್ರ ಬರೆದವರ ಕೈಗೆ ಮುತ್ತು ಕೊಡಬೇಕು ನೋಡು. ಆ ಎಮ್ಮೆ ಒಂದು ಕಣ್ಣನ್ನು ಅರ್ಧ ತೆರೆದು, ಇವರೇನು ಮಾಡುತ್ತಾರೋ ನೋಡೋಣ ಎಂಬಂತೆ ಮಲಗಿದೆ. ಅಷ್ಟು ಸೋಮಾರಿತನವನ್ನು ಬಣ್ಣದಲ್ಲಿ ತರುವುದೆಂದರೆ ಸುಮ್ಮನೆ ಅಲ್ಲ. ಇನ್ನೊಂದು ಪುಸ್ತಕದ ಕೊನೆಗೆ ನೀತಿ ಹೇಳಿದ್ದಾರೆ, ಆ ಪುಟ ಬಂದ ಕೂಡಲೇ ಮಧು ಎದ್ದು ಹೋಗುತ್ತಾಳೆ. ಅವಳನ್ನು ನಾನು ತಡೆಯುವುದಿಲ್ಲ.

ಈಗ ಸುಗ್ಗಿ, ನಿನಗೆ ಗೊತ್ತೇ ಇದೆ. ಪಡಸಾಲೆಯ ತುಂಬ ಮೆಣಸಿನಕಾಯಿ, ನಾನು ಕೂತು ತೊಟ್ಟು ಬಿಡಿಸುತ್ತೇನೆ. ಮೊದಲ ದಿನ ಅದೇ ಕೈಯಲ್ಲಿ ಪುಟ ತಿರುಗಿಸಿಬಿಟ್ಟೆ. ಮಧು ಪುಟ ಮುಟ್ಟಿ ಕಣ್ಣುಜ್ಜಿಕೊಂಡಳು. ಅವಳ ಅಳು ಕೇಳಿ ಅಕ್ಬರಬಿ ಓಡಿಬಂದು, “ಖಾರದ ಕೈಲೆ ಯಾರಾರ ಪುಸ್ತಕಾ ಮುಟ್ತಾರೇನ ಮಂಗಳವ್ವಾ?” ಎಂದು ಬೈದು, ಕಣ್ಣು ತೊಳೆಸಿದಳು. ಆವತ್ತಿನಿಂದ ಪುಸ್ತಕ ಮಧುವಿನ ತೊಡೆಯ ಮೇಲೆ, ಕೈ ನನ್ನ ಮೊರದಲ್ಲಿ. ನಾನು ಓದಬೇಕು, ಅವಳು ತಿರುಗಿಸಬೇಕು.

ಅಲ್ಲಿಯೇ ಎಲ್ಲ ಬದಲಾಯಿತು ಮಗಳೇ. ನಮ್ಮ ಅವಸರ ಅವಳಿಗಿಲ್ಲ. ಎಮ್ಮೆಯ ಬೆನ್ನ ಮೇಲಿನ ಕಾಗೆಯನ್ನು ಕಣ್ತುಂಬ ನೋಡುವ ತನಕ ಪುಟ ಬಿಡುವುದಿಲ್ಲ. ಅದೇನು ಹೇಳು, ಇದೇನು ಹೇಳು ಎಂದು ಕೇಳುವುದನ್ನು ನಾನೂ ಬಿಟ್ಟೆ.

ನೀನು ಅತ್ತ ಮರುದಿನ ಎಮ್ಮೆಯ ಕಥೆ ಓದುತ್ತಿದ್ದೆ. “ಎಮ್ಮೆ ಮಾತ್ರ…” ಎನ್ನುವಷ್ಟರಲ್ಲಿ ಮೆಣಸಿನಕಾಯಿಯ ಘಾಟು ಗಂಟಲಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಮಧು ನನ್ನ ಮುಖ ನೋಡಿದಳು, ಪುಟ ನೋಡಿದಳು, ಕಾದಳು. ನನ್ನ ಕೆಮ್ಮು ನಿಲ್ಲಲಿಲ್ಲ. ಆಗ ಅವಳೇ ಗಟ್ಟಿಯಾಗಿ, “ಏಳವಲ್ದು!” ಎಂದಳು.

ಪುಸ್ತಕದಲ್ಲಿ ಇದ್ದದ್ದನ್ನಲ್ಲ ಸುರೇಖಾ, ನಮ್ಮ ಮನೆಯ ಮಾತಿನಲ್ಲಿ ಹೇಳಿದಳು. ಕಥೆ ಅವಳೊಳಗೆ ಇಳಿದು, ಅವಳದೇ ಆಗಿ ಹೊರಗೆ ಬಂದಿತ್ತು. ನಾನು ಮೊರ ಬಿಟ್ಟು ಅತ್ತೆ. ಹೊಸ್ತಿಲಲ್ಲಿ ನಿಂತಿದ್ದ ನಿಮ್ಮಪ್ಪ, “ಯಾರ ಮಾತಾಡಿದ್ದು?” ಎಂದರು. ಈಗ ನನ್ನನ್ನು ಆಯಿ ಎಂದು ಕರೆಯುತ್ತಾಳೆ. ಕಾಗಿ, ಕೊಡಿ, ಬಾ, ಒಲ್ಲೆ ಎಲ್ಲ ಬರುತ್ತಿವೆ. ಒಲ್ಲೆ ಸ್ವಲ್ಪ ಜಾಸ್ತಿ.

ತರಬೇತಿ ಬಿಡಬೇಡ. ರವಿವಾರ ಬಾ. ಪುಸ್ತಕ ಅವಳ ಕೈಗೆ ಕೊಟ್ಟು ಓದು, ಪುಟ ಮಾತ್ರ ನೀನು ತಿರುಗಿಸಬೇಡ.

ನಿನ್ನ ದಾರಿ ನೋಡುವ ಅವ್ವ,
ಮಂಗಳವ್ವ

ತಾ.ಕ.: ಅವಳು ಮೊದಲು ಮಾತಾಡಿದಾಗಿನ ಕೆಮ್ಮು ಮಾತ್ರ ಖರೇದು. ಆಮೇಲೆ ಅವಳ ಬಾಯಿ ಬಿಡಿಸಲೆಂದು ಕೆಮ್ಮಿದ್ದೆಲ್ಲ ನಾಟಕ. ನಾಟಕ ಕಂಪನಿಯವರು ಕಂಡರೆ ನನ್ನನ್ನು ಬಿಡುವುದಿಲ್ಲ ಎಂದು ನಿಮ್ಮಪ್ಪ ಆಡಿಕೊಳ್ಳುತ್ತಾರೆ. ಮಧುವಿಗೆ ಗೊತ್ತಾಗಬಾರದೆಂದೇ ಫೋನಿನಲ್ಲಿ ಹೇಳಲಿಲ್ಲ. ಇಷ್ಟು ಬರೆದು ಈಗಷ್ಟೇ ಮತ್ತೆ ಎಮ್ಮೆಯ ಕಥೆ ಓದಲು ಕೂತೆ, ಕೆಮ್ಮಿದೆ. ಅವಳು ಎದ್ದು ಹೋಗಿ ನೀರಿನ ತಂಬಿಗೆ ತಂದು ನನ್ನ ಮುಂದಿಟ್ಟು ಹೇಳಿದಳು: “ಆಯಿ, ಸುಳ್ಳ ಕೆಮ್ಮಬ್ಯಾಡ. ಓದು.”