ತೊಂಬತ್ತು ಗ್ರಾಂ

ಕಾಸಿಯನ್,

ಮಂಡಿ ತೋರಿಸಲು ಮೆರಾನೊ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಅಮ್ಮ ಕಾರು ಓಡಿಸುತ್ತಾಳೆ, ನೀನು ಏಳಬೇಕಾಗಿಲ್ಲ.

ನನ್ನ ಸ್ಕೀ ಬೂಟುಗಳು ಅಡುಗೆಮನೆಯ ಮೇಜಿನ ಮೇಲಿವೆ, ನೀನು ಅವನ್ನು ತೂಗಿದ ಹಿಟ್ಟಿನ ತಕ್ಕಡಿಯ ಪಕ್ಕದಲ್ಲೇ. ನನ್ನನ್ನೊಂದು ಮಾತು ಕೇಳದೆ ನೀನು ಬೂಟಿನ ಮುಂಭಾಗದಿಂದ ಕಿತ್ತ ಪ್ಲಾಸ್ಟಿಕ್ ನಾಲಿಗೆಗಳು ಕಸದ ಡಬ್ಬಿಯಲ್ಲಿ ಸಿಕ್ಕವು. ಇವತ್ತೇ ರಿವೆಟ್ ಹೊಡೆದು ಕೂರಿಸು. ನೆಗಡಿ ಬಂತೆಂದು ಮೂಗು ಕೊಯ್ಯುವ ಬುದ್ಧಿ ನಿನಗೆ ಎಲ್ಲಿಂದ ಬಂತೋ! ಓಟದಲ್ಲಿ ಬೆಟ್ಟ ಹತ್ತುವಾಗ ತೊಂಬತ್ತು ಗ್ರಾಂ ಹಗುರವಾಗಿತ್ತು, ನಿಜ. ಇಳಿಜಾರಿನಲ್ಲಿ ಕಾಲಿಗೆ ಆಸರೆಯೇ ಇಲ್ಲದೆ ನಾನು ಮಗುಚಿಬಿದ್ದಾಗ ನೀನು ಕೆಳಗಿನಿಂದ ಕೂಗಿದ್ದು ನೆನಪಿದೆಯಾ? "ಏಳೇ ಅಕ್ಕ, ನೀನು ಬರೋ ತನಕ ಟೈಮ್ ನಿಲ್ಲಲ್ಲ!"

ಕಣಕಾಲಿನ ಗಂಟು ಉಜ್ಜುವ ಕಡೆ ಸ್ಪಂಜು ಇಟ್ಟುಕೊಂಡು, ಓವನ್ನಿನಲ್ಲಿ ಬಿಸಿ ಮಾಡಿದ ಒಳಬೂಟು ಹಾಕಿಕೊಂಡು, ಹತ್ತು ನಿಮಿಷ ಅಲುಗಾಡದೆ ನಿಲ್ಲಬೇಕು. ಆಗಲೇ ಅದು ಕಾಲಿನ ಆಕಾರಕ್ಕೆ ಬರುವುದು. ಅದಕ್ಕೆ ರೊಸ್ವಿತಾಳನ್ನು ಕರೆಸು. ನನ್ನ ಅಳತೆಯೇ ಅವಳದೂ, ಇನ್ನು ಈ ಬೂಟು ಅವಳಿಗೇ. ಭಾನುವಾರದ ಜೋಡಿ ಓಟಕ್ಕೆ ನನ್ನ ಬದಲು ನೀನು ಅವಳನ್ನು ಕೇಳಿದ್ದು ನನ್ನ ಮಂಡಿಗೆ ಪಟ್ಟಿ ಕಟ್ಟುವುದಕ್ಕೂ ಮೊದಲಂತೆ. ಪಾಪ, ಅವಳೇ ಬಂದು ಹೇಳಿದಳು.

ಅವಳ ಬೂಟಿನಿಂದ ಒಂದು ಗ್ರಾಮನ್ನೂ ಕೆರೆಯಬೇಡ.

ಒಲೆಯ ಮೇಲೆ ಬ್ರೆಡ್ ಉಂಡೆಯ ಸಾರಿದೆ. ಅಪ್ಪನಿಗೆ, ನಿನಗಲ್ಲ.

ಅಕಸ್ಮಾತ್ ರೊಸ್ವಿತಾ ಬಿದ್ದರೆ ಮೇಲೆ ಹತ್ತಿ ಅವಳ ಹತ್ತಿರ ಹೋಗು. ನನ್ನ ಹತ್ತಿರ ಓಡಿಬಂದವರು ನಮ್ಮನ್ನು ಸೋಲಿಸಲು ಬಂದಿದ್ದ ಜೋಡಿ.

ಒಟ್ಟಿಲಿಯಾ