ಎರಡು ಸಲ ತಟ್ಟಿದರೆ

ಫೆಬ್ರವರಿ 9

ಮತ್ತೆ ಮೂರನೇ ಮಹಡಿ. ಲಿಫ್ಟ್ ಇದೆ, ಗಾಜು ಅದರಲ್ಲಿ ಹಿಡಿಸುವುದಿಲ್ಲ. ಆ ತುದಿ ಮೇಸ್ತ್ರಿ, ಈ ತುದಿ ನಾನು, ನಡುವೆ ಆಳೆತ್ತರದ ಗಾಜು. ಒಬ್ಬರು "ಹಿಡಿದೆ" ಎನ್ನುವವರೆಗೂ ಇನ್ನೊಬ್ಬರು ಬಿಡುವಂತಿಲ್ಲ— ಸೇರಿದ ದಿನ ಅವರು ಕಲಿಸಿದ ಮೊದಲ ಪಾಠ. ಹೆಂಗಸಿಗೆ ಗಾಜು ಕೂರಿಸುವ ಕೆಲಸವೇ ಎಂದು ಮಿಕ್ಕವರು ಹಲ್ಲು ಕಿರಿದಾಗ, "ನನ್ ಜೊತೆ ಇರ್ಲಿ ಬಿಡ್ರೋ" ಎಂದವರು ಅವರೊಬ್ಬರೇ. ಇವತ್ತೂ ಊಟದ ಡಬ್ಬಿ ಬದಲಾಯಿಸಿಕೊಂಡೆವು. ಅವರ ಹೆಂಡತಿ— ನಾನು ಅಕ್ಕ ಎಂದೇ ಕರೆಯುವುದು— ಉಪ್ಪು ಹಾಕುವುದರಲ್ಲಿ ಜಿಪುಣಿ. ಹೇಳಿದೆ.

"ನೀನೇ ಹೋಗಿ ಹೇಳು. ನನಗೆ ಜೀವದ ಮೇಲೆ ಆಸೆ ಇದೆ."

ಫೆಬ್ರವರಿ 16

ಬಚ್ಚಲ ಬಾಗಿಲುಗಳಿಗೆ ಮಂಜುಗಾಜು. ಆಚೆ ಇರುವವರು ಕಾಣುವುದಿಲ್ಲ. "ಹಿಡಿದೆ" ಎಂದೆ. ಬಿಡಲಿಲ್ಲ. ಕೂಗಿದೆ. ಪಕ್ಕದ ಕೋಣೆಯಿಂದ ಪೇಂಟರ್ ಇಣುಕಿದ, ಮೇಸ್ತ್ರಿ ಮಾತ್ರ ಅಲ್ಲಾಡಲಿಲ್ಲ. ಕೊನೆಗೆ ಅಂಚಿನ ಪಕ್ಕದಿಂದ ತಲೆ ಚಾಚಿ ನನ್ನ ತುಟಿ ನೋಡಿದರು. ಆಮೇಲೆ ಬಿಟ್ಟರು.

ಅಯ್ಯೋ... ಇಷ್ಟು ದಿನ ಗಾಜಿನ ಮೂಲಕ ತುಟಿ ಓದುತ್ತಿದ್ದರು. ನಾನೊಬ್ಬಳು ಪೆದ್ದಿ.

ಮೆಟ್ಟಿಲ ಮೇಲೆ ಎದುರಿಗೆ ನಿಂತು ಕೇಳಿದೆ. ಮುಚ್ಚಿಡಲಿಲ್ಲ.

"ಕಿವಿ ಕೈಕೊಟ್ಟು ಬಹಳ ದಿನ ಆಯ್ತು ಕಣೇ. ಓನರ್‌ಗೆ ಗೊತ್ತಾದ್ರೆ ಮನೆಗೆ ಕಳಿಸ್ತಾನೆ. ಬಾಯಿ ಬಿಡಬೇಡ."

ಬಿಡಲ್ಲ ಎಂದೆ. ನಿಧಾನವಾಗಿ, ಅವರಿಗೆ ಕಾಣುವ ಹಾಗೆ.

ಫೆಬ್ರವರಿ 17

ಉಪಾಯ ನನ್ನದು. ಬೆರಳಿನಿಂದ ಗಾಜು ತಟ್ಟುವುದು. ಒಂದು ಸಲ— ಇರಿ, ಬಿಡಬೇಡಿ. ಎರಡು ಸಲ— ಹಿಡಿದೆ, ಬಿಡಿ. ಅಂಗೈಗೆ ಗೊತ್ತಾಗುತ್ತದಂತೆ, ಇರುವೆ ಓಡಿದ ಹಾಗೆ. ಮೂರು ಬಾಗಿಲು ಕೂರಿಸಿದೆವು. ಎಲ್ಲೂ ತಪ್ಪಲಿಲ್ಲ. ಮೇಸ್ತ್ರಿ ಮಗುವಿನ ಹಾಗೆ ನಕ್ಕರು. ನನಗೂ ತಡೆಯಲಾಗದಷ್ಟು ಖುಷಿ.

ಮಾರ್ಚ್ 4

ಓನರ್ ಎಲ್ಲರಿಗೂ ದಪ್ಪ ರಬ್ಬರ್ ಗ್ಲೌಸ್ ತಂದಿದ್ದಾನೆ. ಹಾಕದಿದ್ದವರು ಸೈಟಿಗೆ ಬರಕೂಡದು. ಒಳ್ಳೆಯದಕ್ಕೇ ತಂದದ್ದು, ಬೈಯುವ ಹಾಗೂ ಇಲ್ಲ. ಮಂಜುಗಾಜು ಇನ್ನೂ ಅರ್ಧ ಬಾಕಿ.

ಮಾರ್ಚ್ 5

ಒಂದೇ ಸಲ ತಟ್ಟಿದೆ. ಕಾಲು ಜಾರುತ್ತಿತ್ತು, ಇರಿ ಎಂದು ತಟ್ಟಿದೆ. ಗ್ಲೌಸಿನೊಳಗೆ ಅವರಿಗೆ ಏನೋ ಅದುರಿದಂತಾಯಿತಷ್ಟೇ. ಬಿಟ್ಟರು.

ಗಾಜು ಬಿದ್ದದ್ದು ಪಕ್ಕದಲ್ಲಿ ಹಾಯುತ್ತಿದ್ದ ಪೇಂಟರ್ ಕಾಲಿನ ಮೇಲೆ. ರಕ್ತ... ಆಸ್ಪತ್ರೆ. ನಡೆಯುತ್ತಾನೆ ಎಂದಿದ್ದಾರೆ ಡಾಕ್ಟರು, ನಿಧಾನಕ್ಕೆ. "ಕೈ ಜಾರ್ತು" ಎಂದರು ಮೇಸ್ತ್ರಿ. ಓನರ್ ನನ್ನ ಮುಖ ನೋಡಿದ. ಬಗ್ಗಿ ಚೂರು ಆಯತೊಡಗಿದೆ.

ಮಾರ್ಚ್ 7

ಹೇಳಿಬಿಟ್ಟೆ.

ಮುಂದಿನ ವಾರ ಇನ್ನೂ ದೊಡ್ಡ ಗಾಜು, ರಸ್ತೆ ಪಕ್ಕದ ಅಂಗಡಿ, ಜನ ಓಡಾಡುವ ಜಾಗ. ಪೇಂಟರ್ ಹೆಂಡತಿ ಆಸ್ಪತ್ರೆಯ ಬೆಂಚಿನ ಮೇಲೆ ಗಂಡನ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದು ಕಣ್ಣಿಗೆ ಕಟ್ಟಿದೆ. ಓನರ್‌ಗೆ ಕೈ ಮುಗಿದೆ— ಅವರ ಕೈಲಿ ಗಾಜು ಹೊರಿಸಬೇಡಿ, ಟೇಬಲ್ಲಿನ ಮೇಲೆ ಗಾಜು ಕೊಯ್ಯುವ ಕೆಲಸ ಕೊಡಿ, ಅದಕ್ಕೆ ಕಿವಿ ಬೇಡ.

"ಕೊಡೋಣಮ್ಮ. ಅಷ್ಟು ವರ್ಷದ ಮನುಷ್ಯ, ಬಿಟ್ಟುಬಿಡ್ತೀನಾ?"

ನಂಬಿದೆ. ಮೇಸ್ತ್ರಿಗೆ ನಾನೇ ಮೊದಲು ಹೇಳಬೇಕಿತ್ತು. ಧೈರ್ಯ ಸಾಲಲಿಲ್ಲ.

ಮಾರ್ಚ್ 9

ಬಿಟ್ಟುಬಿಟ್ಟ. ಟೇಬಲ್ಲಿಗೆ ತನ್ನ ಭಾವಮೈದುನನನ್ನು ಹಾಕಿಕೊಂಡಿದ್ದಾನೆ. ಮೇಸ್ತ್ರಿಯ ತುದಿ ಈಗ ನನ್ನದು. ನನ್ನ ತುದಿಗೆ ಹೊಸಬಳು ಬರುತ್ತಾಳಂತೆ. ಕಲಿಸಬೇಕಂತೆ. ಏನು ಕಲಿಸಲಿ...

ಮಾರ್ಚ್ 22

ಅವರ ಮನೆಗೆ ಹೋದೆ. ಅಕ್ಕ ನೀರು ಕೊಟ್ಟಳು, ಕೂರು ಎನ್ನಲಿಲ್ಲ. ಮೇಸ್ತ್ರಿ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಎದುರಿಗೆ ಹೋಗಿ ನಿಂತೆ, ಬಾಯಿ ತೆರೆದೆ. ಕಣ್ಣು ಮುಚ್ಚಿಕೊಂಡರು. ಅವರು ಕಿವಿ ಮುಚ್ಚಿಕೊಳ್ಳುವುದೆಂದರೆ ಅದೇ.

"ಅವರಿಗೆ ಕೋಪ ಕೆಲಸ ಹೋಗಿದ್ದಕ್ಕಲ್ಲ" ಎಂದಳು ಅಕ್ಕ, ಬಾಗಿಲವರೆಗೆ ಬಂದು. "ಹೇಳಿದ್ದು ನೀನು ಅಂತ."

ಏಪ್ರಿಲ್ 14

ಹೊಸಬಳು "ಹಿಡಿದೆ" ಎಂದು ಚೆನ್ನಾಗಿ ಕೂಗುತ್ತಾಳೆ. ಅವಳೊಂದಿಗೆ ಡಬ್ಬಿ ಬದಲಾಯಿಸಲು ಮನಸ್ಸು ಬರಲಿಲ್ಲ.

ಏಪ್ರಿಲ್ 28

ಸಂಜೆ ಅವರ ಮನೆ ಮುಂದೆ ಹಾದೆ. ಕಿಟಕಿಯಲ್ಲಿ ನಿಂತಿದ್ದರು, ಅಂಗೈ ಗಾಜಿನ ಮೇಲೆ. ಆ ಗಾಜು ನಾವಿಬ್ಬರೇ ಕೂರಿಸಿದ್ದು. ನನ್ನನ್ನು ನೋಡಿದರು. ಕಣ್ಣು ಮುಚ್ಚಲಿಲ್ಲ, ಕೈ ತೆಗೆಯಲಿಲ್ಲ. ಓಡಿಹೋಗಿ ತಟ್ಟಿದೆ.

ಎರಡು ಸಲ. ಅಭ್ಯಾಸಬಲ. ದಿನಾ ಅದನ್ನೇ ಹೆಚ್ಚು ತಟ್ಟುತ್ತಿದ್ದುದಲ್ಲವೇ...

ಸರಿ ಎಂಬಂತೆ ತಲೆ ಆಡಿಸಿದರು. ಕೈ ತೆಗೆದರು. ಪರದೆ ಎಳೆದರು.

ಒಂದು ಸಲ ತಟ್ಟಿದೆ ಆಮೇಲೆ— ಇರಿ, ಬಿಡಬೇಡಿ. ಮತ್ತೆ ಒಂದು. ಮತ್ತೆ. ಆದರೆ ಆಚೆ ಕೈ ಇದ್ದರೆ ತಾನೇ—